ಮೂಗು ಕಟ್ಟಿದ ಪ್ರಾಂಪ್ಟರ್

ಮೂರನೆಯ ಅಂಕದ ನಟ್ಟನಡುವೆ ಪರದೆ ಬಿದ್ದದ್ದಕ್ಕೆ ಇವತ್ತಿಗೂ ಎಲ್ಲರೂ ನನ್ನನ್ನೇ ದೂರುತ್ತಾರೆ. ಪರದೆ ಎಳೆದವರು ನನ್ನ ಗಂಡ. ಹಗ್ಗ ಇರುವುದು ಅವರ ಕೈಯಲ್ಲಿ, ನನ್ನ ಕೈಯಲ್ಲಿ ಇರುವುದು ನಾಟಕದ ಪುಸ್ತಕ. ಆದರೂ ಬೈಸಿಕೊಂಡವಳು ನಾನು. ಇದ್ಯಾವ ನ್ಯಾಯ, ನೀವೇ ಹೇಳಿ.

ನಮ್ಮದು ಮನೆಮಂದಿಯೆಲ್ಲ ಸೇರಿ ನಡೆಸುವ ನಾಟಕ ತಂಡ. ಅಪ್ಪ ಮುಖ್ಯ ನಟ. ತಮ್ಮ ಮ್ಯಾನೇಜರು, ಅವನು ಹೇಳಿದ್ದೇ ಕಡೆಯ ಮಾತು. ಗಂಡ ಪರದೆ ಮತ್ತು ದೀಪ ನೋಡಿಕೊಳ್ಳುತ್ತಾರೆ. ನಾನು ಪ್ರಾಂಪ್ಟರ್. ವೇದಿಕೆಯ ಎಡಗಡೆ ಸೈಡ್‌ವಿಂಗಿನ ಹಿಂದೆ ಒಂದು ಸ್ಟೂಲು, ಒಂದು ಪುಟ್ಟ ನೀಲಿ ದೀಪ, ತೊಡೆಯ ಮೇಲೆ ಪುಸ್ತಕ. ನಟರು ಮಾತು ಮರೆತರೆ ಮೊದಲ ಮೂರ್ನಾಲ್ಕು ಪದ ಮೆಲ್ಲಗೆ ಎತ್ತಿಕೊಡಬೇಕು. ನಟನಿಗೆ ಕೇಳಬೇಕು, ಮೊದಲ ಸಾಲಿನವರಿಗೆ ಕೇಳಬಾರದು. ಕೆಲಸ ಚೆನ್ನಾಗಿ ಮಾಡಿದರೆ ನಾನಿದ್ದೇನೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಕೆಟ್ಟರೆ ಇಡೀ ಸಭೆಗೆ ಗೊತ್ತಾಗುತ್ತದೆ. ಅಮ್ಮ ಇರುವ ತನಕ ಆ ಸ್ಟೂಲು ಅವಳದಾಗಿತ್ತು. ಅವಳು ಹೋದ ಮೇಲೆ, ಇಪ್ಪತ್ತಮೂರು ವರ್ಷದಿಂದ, ನನ್ನದು.

ಅಪ್ಪನಿಗೆ ಎಪ್ಪತ್ತಮೂರು. ದನಿ ಈಗಲೂ ಕೊನೆಯ ಸಾಲಿನ ಗೋಡೆಗೆ ಹೋಗಿ ತಟ್ಟುತ್ತದೆ. ಆದರೆ ಎರಡು ವರ್ಷದಿಂದ ಮಾತುಗಳು ಮಾತ್ರ ಕೈಕೊಡುತ್ತಿದ್ದವು. ನಿವೃತ್ತ ನ್ಯಾಯಾಧೀಶನ ಪಾತ್ರ ಅವರದು. ಕೋಟಿನ ಮೇಲಿನ ಗುಂಡಿಯನ್ನು ಬೆರಳಲ್ಲಿ ಮುಟ್ಟಿದರೆಂದರೆ ಮಾತು ಜಾರಿತು ಅಂತ ಅರ್ಥ. ಅದು ಗೊತ್ತಿದ್ದದ್ದು ನನಗೊಬ್ಬಳಿಗೇ. ತಕ್ಷಣ ಎತ್ತಿಕೊಡುತ್ತಿದ್ದೆ, ಅಪ್ಪ ಹಿಡಿದುಕೊಳ್ಳುತ್ತಿದ್ದರು, ನಾಟಕ ಸಾಗುತ್ತಿತ್ತು.

ಇನ್ನು ನನ್ನ ಮೂಗಿನ ವಿಷಯ. ಹುಟ್ಟಿದಾಗಿನಿಂದ ಅದು ಕಟ್ಟಿಕೊಂಡೇ ಇತ್ತು. ಹಳೆಯ ವೆಲ್ವೆಟ್ ಪರದೆ, ವಿಗ್ಗಿನ ಡಬ್ಬ, ಬಟ್ಟೆಯ ಟ್ರಂಕು, ಯಾವುದರ ಹತ್ತಿರ ಹೋದರೂ ಸೀನು. ಬಾಯಲ್ಲಿ ಮ ಅನ್ನುವುದು ಬ ಆಗುತ್ತಿತ್ತು, ನ ಅನ್ನುವುದು ದ ಆಗುತ್ತಿತ್ತು. ನನ್ನನ್ನು ನೋಡಲು ಬಂದಾಗ ಗಂಡ ‘ನಿಮಗೆ ಏನಿಷ್ಟ’ ಅಂತ ಕೇಳಿದರು. ನಾನು ‘ದಾಟಕ’ ಅಂದೆ. ಅದು ಯಾವುದೋ ತಿಂಡಿ ಇರಬೇಕು ಅಂದುಕೊಂಡು, ‘ನನಗೂ ಇಷ್ಟ, ಆದರೆ ಜಾಸ್ತಿ ತಿಂದಿಲ್ಲ’ ಅಂದಿದ್ದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮನೆಯವರು ಆಡಿಕೊಳ್ಳುತ್ತಾರೆ. ಒಳಗೆ ಜಾಗ ಇಲ್ಲದಿದ್ದರೆ ತುದಿಯಲ್ಲಿ ಇರದೆ ಇನ್ನೆಲ್ಲಿರಬೇಕು?

ಸೀನಾದರೂ ತಡೆಯಬಹುದು, ತಲೆನೋವು ತಡೆಯಲಾಗದು. ಹುಬ್ಬಿನ ಮೇಲೆ ಶುರುವಾಗಿ, ಕಣ್ಣಿನ ಕೆಳಗೆ ಇಳಿದು, ಮೇಲಿನ ಹಲ್ಲಿನ ಬೇರಿನ ತನಕ ಬರುತ್ತಿತ್ತು. ಪುಸ್ತಕ ನೋಡಲು ತಲೆ ಬಗ್ಗಿಸಿದರೆ ಹಣೆಯೊಳಗೆ ಯಾರೋ ಮರಳು ಸುರಿದಂತಾಗುತ್ತಿತ್ತು. ವಾರದಲ್ಲಿ ನಾಲ್ಕು ದಿನ ಇದೇ ಪಾಡು. ಮಾತ್ರೆ ನುಂಗಿದರೆ ಸೀನು ನಿಲ್ಲುತ್ತಿತ್ತು, ಆದರೆ ಕಣ್ಣು ಎಳೆಯುತ್ತಿತ್ತು. ತೂಕಡಿಸುವ ಪ್ರಾಂಪ್ಟರನ್ನು ಕಟ್ಟಿಕೊಂಡು ಯಾರು ನಾಟಕ ಆಡುತ್ತಾರೆ?

ಈಗ ಆ ಪರದೆಯ ಕತೆ. ನಮ್ಮ ತಂಡದಲ್ಲಿ ದೃಶ್ಯಕ್ಕೆ ‘ಸೀನು’ ಅನ್ನುತ್ತೇವೆ. ದೃಶ್ಯ ಮುಗಿಯುವ ಹೊತ್ತಿಗೆ ನಾನು ಗಂಡನ ಕಡೆ ತಿರುಗಿ ‘ಸೀನು ಬಂತು’ ಅನ್ನಬೇಕು, ಅವರು ಹಗ್ಗ ಎಳೆಯಬೇಕು. ಅಮ್ಮನ ಕಾಲದಿಂದ ಇದೇ ಪದ್ಧತಿ. ಆ ಸಂಜೆ ಸೀಸನ್ನಿನ ಕೊನೆಯ ಆಟ. ಹನ್ನೆರಡು ವರ್ಷ ಮುನಿಸಿಕೊಂಡಿದ್ದ ನ್ಯಾಯಾಧೀಶ ಮಗಳ ಮನೆಯ ಬಾಗಿಲಿಗೆ ಬಂದು ನಿಂತಿದ್ದಾನೆ. ಸಭೆ ಉಸಿರು ಬಿಗಿಹಿಡಿದಿದೆ. ನನ್ನ ಮೂಗಿನಲ್ಲಿ ಕಚಗುಳಿ ಶುರುವಾಯಿತು. ನೀರಿನ ಲೋಟ ಗಂಡನ ಕಾಲಬುಡದಲ್ಲಿತ್ತು. ಮೂಗು ಹಿಸುಕಿಕೊಂಡು ಅವರ ಕಡೆ ತಿರುಗಿ, ‘ಸೀನು ಬಂತು, ನೀರು’ ಅಂದೆ.

ನೀರು ಅನ್ನುವುದು ಅವರಿಗೆ ಕೇಳಲಿಲ್ಲ.

ಪರದೆ ದಡದಡನೆ ಇಳಿಯಿತು. ಅಪ್ಪ ಪರದೆಯಿಂದಾಚೆ, ಮಗಳ ಪಾತ್ರದವಳು ಈಚೆ. ಅಪ್ಪ ಚಾಚಿದ್ದ ಒಂದು ಕೈ ಮಾತ್ರ ನಮ್ಮ ಕಡೆ. ಆ ನಿಶ್ಶಬ್ದದಲ್ಲಿ ನನ್ನ ಸೀನು ಬಂತು. ಒಂದಲ್ಲ, ಏಳು. ಏಳನೆಯದಕ್ಕೆ ಸಭೆಯವರು ಚಪ್ಪಾಳೆ ತಟ್ಟಿದರು.

ಆಟ ಮುಗಿದ ಮೇಲೆ ತಮ್ಮ ಗ್ರೀನ್‌ರೂಮಿಗೆ ಬಂದು ಕುರ್ಚಿ ಎಳೆದುಕೊಂಡು ಕೂತ. ಕಿರುಚಾಡಲಿಲ್ಲ. ಅವನು ಕಿರುಚಾಡದಿದ್ದರೇ ಭಯ.

‘ಅಕ್ಕ, ಮುಂದಿನ ಸೀಸನ್‌ಗೆ ಪ್ರಾಂಪ್ಟರ್ ಬೇಡ. ಕಿವಿ ಒಳಗೆ ಇಡೋ ಒಂದು ಸಣ್ಣ ಯಂತ್ರ ಬಂದಿದೆ. ಮಾತೆಲ್ಲ ಅದೇ ಹೇಳುತ್ತೆ,’ ಅಂದ.

‘ಯಂತ್ರ ಹೇಳಿದ್ದನ್ನ ಕೂಗೋಕೆ ನಾನೇನು ರೈಲ್ವೆ ಸ್ಟೇಷನ್ನಾ?’ ಅಂದರು ಅಪ್ಪ, ಮುಖದ ಬಣ್ಣ ಒರೆಸಿಕೊಳ್ಳುತ್ತ.

‘ಹಾಗಾದ್ರೆ ನಿನ್ನ ಪಾತ್ರ ನಾನು ಮಾಡ್ತೀನಿ, ಅಪ್ಪ. ಇನ್ನೆಷ್ಟು ದಿನ ಅಂತ ಹೀಗೆ ಎಳೀತೀಯ. ಅಕ್ಕ ತಲೆ ಹಿಡ್ಕೊಂಡು ಕೂತ ದಿನ ನಿನಗೆ ಮಾತು ಕೊಡೋರು ಯಾರು?’

ಅಪ್ಪ ಬಣ್ಣ ಒರೆಸುವ ಬಟ್ಟೆಯನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ಹದಿನೆಂಟನೆಯ ವಯಸ್ಸಿನಿಂದ ರಂಗದ ಮೇಲೆ ನಿಂತ ಮನುಷ್ಯ. ನನಗೆ ತಮ್ಮ ಹೇಳಿದ್ದು ಸುಳ್ಳಲ್ಲ ಅನ್ನುವುದೇ ಹೆಚ್ಚು ಸಿಟ್ಟು ತರಿಸಿತು.

‘ಹೊಸ ಸೀಸನ್ ಯಾವಾಗ?’ ಅಂತ ಕೇಳಿದೆ.

‘ಎಂಟು ತಿಂಗಳಿಗೆ.’

‘ಅಷ್ಟರಲ್ಲಿ ಈ ಮೂಗು ಸರಿ ಮಾಡಿಕೊಂಡು ಬರ್ತೀನಿ. ಬರದಿದ್ರೆ ನೀನು ಹೇಳಿದ ಹಾಗೆ ಆಗಲಿ.’ ನಾನು ಅಂದದ್ದು ಹೀಗೆ. ಅವರಿಗೆ ಕೇಳಿಸಿದ್ದು ‘ಈ ಬೂಗು ಸರಿ ಬಾಡಿಕೊಂಡು’. ತಮ್ಮ ನಕ್ಕುಬಿಟ್ಟ. ಅಪ್ಪ ನಗಲಿಲ್ಲ.

ಅಲರ್ಜಿ ಡಾಕ್ಟರು ಒಬ್ಬ ಗಟ್ಟಿ ಹೆಂಗಸು. ‘ಎಷ್ಟು ವರ್ಷದಿಂದ ಈ ತೊಂದರೆ?’ ಅಂದರು.

‘ನಲವತ್ತೆರಡು.’

‘ನಿಮ್ಮ ವಯಸ್ಸು ಕೇಳಲಿಲ್ಲ ನಾನು.’

‘ಎರಡೂ ಒಂದೇ, ಡಾಕ್ಟ್ರೇ.’

ಮೂಗಿನೊಳಗೆ ದೀಪ ಬಿಟ್ಟು ನೋಡಿದರು. ಒಳಗೋಡೆ ಊದಿ ಸೈನಸ್ಸಿನ ಬಾಗಿಲು ಮುಚ್ಚಿಹೋಗಿದೆ, ತಲೆನೋವು ಅಲ್ಲಿಂದಲೇ ಬರುತ್ತಿರಬೇಕು ಅಂದರು. ಒಂದು ವಾರ ಸೀನಿನ ಮಾತ್ರೆ ನಿಲ್ಲಿಸಿ ಬರಲು ಹೇಳಿದರು. ಆ ವಾರ ನಮ್ಮ ಮನೆಯಲ್ಲಿ ಯಾರೂ ನನ್ನ ಎದುರಿಗೆ ಬರಲಿಲ್ಲ. ಮತ್ತೆ ಹೋದಾಗ ಮುಂದೋಳಿನ ಮೇಲೆ ಸಾಲಾಗಿ ಹನಿ ಇಟ್ಟು, ಒಂದೊಂದಕ್ಕೂ ಪೆನ್ನಿನಲ್ಲಿ ನಂಬರು ಬರೆದು, ಒಂದೊಂದನ್ನೂ ಸೂಜಿಯಲ್ಲಿ ಲಘುವಾಗಿ ಚುಚ್ಚಿದರು. ಕಾಲು ಗಂಟೆ ಕೆರೆಯದೆ ಕೂತಿರಬೇಕಂತೆ. ಕೈ ಕಟ್ಟಿಹಾಕಿ ಅನ್ನಬೇಕು ಅನ್ನಿಸಿತು. ನಾಲ್ಕನೆಯ ನಂಬರು ಕೋಟಿನ ಗುಂಡಿಯಷ್ಟು ದಪ್ಪ ಊದಿತು. ಏಳನೆಯದು ಅದರ ಅರ್ಧ. ಮಿಕ್ಕವು ತೆಪ್ಪಗಿದ್ದವು.

‘ನಾಲ್ಕು ಅಂದ್ರೆ ಧೂಳಿನ ಹುಳ, ಕಣ್ಣಿಗೆ ಕಾಣಲ್ಲ. ಏಳು ಬೂಷ್ಟು,’ ಅಂದರು ಡಾಕ್ಟರು. ‘ನೀವು ಕೂರೋ ಕಡೆ ಬಟ್ಟೆ, ಪರದೆ ಏನಾದ್ರೂ ಇದೆಯಾ? ಎಷ್ಟು ಹಳೇದು?’

‘ನನಗಿಂತ ಹಳೇದು.’

ಅವರು ಕನ್ನಡಕ ತೆಗೆದು ನಕ್ಕರು. ಆಮೇಲೆ ವಿವರಿಸಿದರು. ಯಾವುದು ನನಗೆ ಆಗದೋ ಅದನ್ನೇ ಬಹಳ ಸಣ್ಣ ಪ್ರಮಾಣದಲ್ಲಿ ಇಂಜೆಕ್ಷನ್ ಕೊಡುತ್ತಾರೆ. ವಾರ ವಾರ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾರೆ. ದೇಹ ಅದನ್ನು ಕಂಡು ಕಂಡು ರೇಗುವುದನ್ನು ಬಿಡುತ್ತದೆ. ಆಮೇಲೆ ತಿಂಗಳಿಗೊಂದು.

‘ಅಂದ್ರೆ ದೇಹಕ್ಕೆ ರಿಹರ್ಸಲ್,’ ಅಂದೆ.

‘ಹಾಗೇ ಅಂದ್ಕೊಳ್ಳಿ. ಮೂರರಿಂದ ಐದು ವರ್ಷ.’

‘ನನಗಿರೋದು ಎಂಟು ತಿಂಗಳು.’

‘ಕೆಲವು ತಿಂಗಳಲ್ಲಿ ಗುಣ ಕಾಣಬಹುದು. ಎಲ್ಲರಿಗೂ ಕಂಡೇ ಕಾಣುತ್ತೆ ಅಂತ ಮಾತು ಕೊಡಲ್ಲ. ಒಂದು ವಾರಾನೂ ತಪ್ಪಿಸಬೇಡಿ. ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಇಲ್ಲೇ ಕೂರಬೇಕು. ಅಪರೂಪಕ್ಕೆ ಜೋರು ರಿಯಾಕ್ಷನ್ ಆಗೋದುಂಟು, ಆದರೆ ನಮ್ಮ ಕಣ್ಣೆದುರೇ ಆಗಲಿ.’

ಅಲ್ಲಿಂದ ಪ್ರತಿ ಮಂಗಳವಾರ ಅದೇ ಕೆಲಸ. ತೋಳಿನ ಹಿಂದೆ ಒಂದು ಸಣ್ಣ ಚುಚ್ಚು, ಆಮೇಲೆ ಅರ್ಧ ಗಂಟೆ. ಎರಡನೆಯ ವಾರ ಹತ್ತು ನಿಮಿಷಕ್ಕೇ ಎದ್ದು ಮೆಲ್ಲಗೆ ಬಾಗಿಲ ಕಡೆ ಹೊರಟೆ. ನರ್ಸಮ್ಮ ಮಾತ್ರೆಯ ಟ್ರೇ ಅಡ್ಡ ಹಿಡಿದು, ‘ಇಪ್ಪತ್ತು ನಿಮಿಷ ಬಾಕಿ ಇದೆ ಮೇಡಂ’ ಅಂದಳು. ನನ್ನನ್ನು ಕೂರಿಸಿದ ಮೊದಲ ವ್ಯಕ್ತಿ ಅವಳೇ ಅಂತ ಗಂಡ ಇವತ್ತಿಗೂ ಅವಳನ್ನು ಹೊಗಳುತ್ತಾರೆ.

ಜೊತೆಗೆ ಅಪ್ಪ ಬರುತ್ತಿದ್ದರು. ಬೇಡ ಅಂದರೂ ಕೇಳುತ್ತಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತು ತುಟಿ ಅಲ್ಲಾಡಿಸುತ್ತ ನ್ಯಾಯಾಧೀಶನ ಮಾತು ಬಾಯಿಪಾಠ ಮಾಡುತ್ತಿದ್ದರು. ಎದುರಿಗೆ ಕೂತ ರೋಗಿಗಳು, ಇವರು ಯಾರಿಗೋ ಶಾಪ ಹಾಕುತ್ತಿದ್ದಾರೆ ಅಂದುಕೊಂಡು ಕುರ್ಚಿ ಬದಲಿಸುತ್ತಿದ್ದರು.

‘ಅಪ್ಪ, ನಾನು ಎತ್ತಿಕೊಡ್ಲಾ?’ ಅಂದರೆ, ‘ಬೇಡ. ಪುಸ್ತಕ ಮುಚ್ಚು. ಈ ಸಲ ನಾನೇ ಕಲೀತೀನಿ,’ ಅನ್ನುತ್ತಿದ್ದರು. ತಮ್ಮನ ಮಾತು ನಾಟಿತ್ತು. ರಿಹರ್ಸಲಿನಲ್ಲೂ ಅಷ್ಟೆ. ತಡವರಿಸುತ್ತಿದ್ದರು, ನಿಲ್ಲುತ್ತಿದ್ದರು, ಮತ್ತೆ ಮೊದಲಿಂದ ಶುರು ಮಾಡುತ್ತಿದ್ದರು. ನನ್ನ ಕಡೆ ಮಾತ್ರ ನೋಡುತ್ತಿರಲಿಲ್ಲ. ಎದುರಿನ ಸೈಡ್‌ವಿಂಗಿನಲ್ಲಿ ತಮ್ಮ ನಿಂತಿರುತ್ತಿದ್ದ, ಅವನ ತುಟಿಯೂ ಅಲ್ಲಾಡುತ್ತಿತ್ತು. ಅವನೂ ಅದೇ ಪಾತ್ರ ಕಲಿಯುತ್ತಿದ್ದ, ಕಳ್ಳ.

ಮೊದಲ ಮೂರು ತಿಂಗಳು ಏನೂ ಆಗಲಿಲ್ಲ. ತೋಳು ತುರಿಸುತ್ತಿತ್ತು, ಕೆಂಪಗೆ ಊದುತ್ತಿತ್ತು, ಮರುದಿನ ಇಳಿಯುತ್ತಿತ್ತು. ಮೂಗು ಮಾತ್ರ ಅದೇ ಮೂಗು. ನಾಲ್ಕನೆಯ ತಿಂಗಳು ಜ್ವರ ಬಂದು ಎರಡು ಮಂಗಳವಾರ ತಪ್ಪಿತು. ಮೂರನೆಯ ವಾರ ಹೋದರೆ ಪ್ರಮಾಣ ಎರಡು ಮೆಟ್ಟಿಲು ಕೆಳಗಿಳಿಸಿದರು. ನಾನು ರೇಗಿದೆ. ‘ಹತ್ತಿದ್ದನ್ನ ಇಳಿಸ್ತೀರಲ್ಲ, ನನ್ನ ದಿನ ಯಾರು ವಾಪಸ್ ಕೊಡ್ತಾರೆ?’ ಅಂದೆ. ನರ್ಸಮ್ಮ ಹತ್ತಿ ಒತ್ತಿ ಹಿಡಿದು, ‘ರೇಗಿದ್ರೆ ಡೋಸ್ ಜಾಸ್ತಿ ಮಾಡಲ್ಲ ಮೇಡಂ, ಕೂತ್ಕೊಳ್ಳಿ’ ಅಂದಳು. ಆ ದಿನ ಮನೆಗೆ ಬರುವಾಗ ಅಪ್ಪನ ಕೈ ಹಿಡಿದುಕೊಂಡು ರಸ್ತೆ ದಾಟಿದೆ. ನಿಜ ಹೇಳುತ್ತೇನೆ, ಆಸೆ ಬಿಟ್ಟಿದ್ದೆ.

ಐದನೆಯ ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಎಚ್ಚರವಾದಾಗ ಗಂಡ ನನ್ನ ಮುಖವನ್ನೇ ದಿಟ್ಟಿಸುತ್ತ ಕೂತಿದ್ದರು.

‘ಏನ್ರೀ?’

‘ನೀನು ಬಾಯಿ ಮುಚ್ಕೊಂಡು ಮಲಗಿದ್ದೆ. ಮದುವೆ ಆದ ಮೇಲೆ ಇದೇ ಮೊದಲು. ಗಾಬರಿ ಆಯ್ತು.’

ದಿಂಬು ಎತ್ತಿ ಎಸೆದೆ. ಎಸೆದ ಮೇಲೆ ತಿಳಿಯಿತು, ಮೂಗಿನಲ್ಲಿ ಉಸಿರಾಡುತ್ತಿದ್ದೇನೆ. ಎರಡೂ ಹೊಳ್ಳೆಯಲ್ಲಿ. ಆ ವಾರ ತಲೆನೋವು ಎರಡೇ ದಿನ ಬಂತು. ಮುಂದಿನ ತಿಂಗಳು ಇಡೀ ತಿಂಗಳಿಗೆ ಒಂದೇ ಸಲ. ತಲೆ ಬಗ್ಗಿಸಿದೆ, ಎತ್ತಿದೆ, ಮತ್ತೆ ಬಗ್ಗಿಸಿದೆ. ಮರಳು ಇರಲಿಲ್ಲ. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಹತ್ತು ಸಲ ಹೀಗೆ ಮಾಡಿ, ಖುಷಿಗೆ ಅತ್ತುಬಿಟ್ಟೆ.

ಆದರೆ ಒಂದು ಫಜೀತಿ ಆಯಿತು. ಮೂಗು ಬಿಟ್ಟುಕೊಂಡಿತು ಅಂದರೆ ವಾಸನೆಯೂ ಬಂತು. ನಮ್ಮ ರಂಗದ ಹಿಂದೆ ಹೇಗೆ ನಾರುತ್ತದೆ ಅನ್ನುವುದು ನನಗೆ ನಲವತ್ತೆರಡು ವರ್ಷ ಗೊತ್ತೇ ಇರಲಿಲ್ಲ. ನ್ಯಾಯಾಧೀಶನ ಕೋಟಿನ ಹತ್ತಿರ ಹೋಗಿ ಎರಡು ಹೆಜ್ಜೆ ಹಿಂದೆ ಬಂದೆ.

‘ಇದನ್ನ ಯಾರೂ ಒಗೆದೇ ಇಲ್ವಾ?’

‘ಒಗೆದ್ರೆ ಪಾತ್ರ ಹೋಗುತ್ತೆ ಅಂತ ಅಪ್ಪ ಬಿಡಲ್ಲ,’ ಅಂದ ತಮ್ಮ.

‘ಪಾತ್ರ ಹೋಗಲ್ಲ, ಜನ ಹೋಗ್ತಾರೆ.’ ಕೋಟು, ವಿಗ್ಗು, ಮೆತ್ತೆಯ ಕವರು ಎಲ್ಲ ಎತ್ತಿ ಹಾಕಿದೆ. ಡಾಕ್ಟರೂ ಬಟ್ಟೆಬರೆ ಬಿಸಿನೀರಲ್ಲಿ ಒಗೆಸಲು ಮೊದಲೇ ಹೇಳಿದ್ದರು. ವೆಲ್ವೆಟ್ ಪರದೆಯನ್ನು ನಾಲ್ಕು ಜನ ಹೊತ್ತು ಲಾಂಡ್ರಿಗೆ ಕೊಟ್ಟು ಬಂದರು. ವಾಪಸ್ ಬಂದಾಗ ಅದು ಕಂದು ಅಲ್ಲ, ಕೆಂಪು ಅಂತ ಎಲ್ಲರಿಗೂ ಗೊತ್ತಾಯಿತು.

ಹೊಸ ಸೀಸನ್ನಿನ ಮೊದಲ ಸಂಜೆ ಸಭೆ ತುಂಬಿತ್ತು. ಗಂಡನಿಗೆ ಮೊದಲೇ ಹೇಳಿಬಿಟ್ಟಿದ್ದೆ, ಇನ್ನು ಮೇಲೆ ಪರದೆಗೆ ‘ಎಳೀರಿ’ ಅನ್ನುತ್ತೇನೆ, ಅದೊಂದೇ ಪದ. ಎದುರಿನ ಸೈಡ್‌ವಿಂಗಿನಲ್ಲಿ ತಮ್ಮ ಕೈಕಟ್ಟಿ ನಿಂತಿದ್ದ. ಮಾತು ಅವನಿಗೆ ಪೂರ್ತಿ ಬಾಯಿಪಾಠ ಆಗಿತ್ತು. ಇವತ್ತು ಅಪ್ಪ ಎಡವಿದರೆ ನಾಳೆ ಕೋಟು ಅವನ ಮೈಮೇಲೆ. ಅದು ಅಪ್ಪನಿಗೂ ಗೊತ್ತು, ನನಗೂ ಗೊತ್ತು.

ಎರಡು ಅಂಕ ಅಪ್ಪ ಒಂದೇ ಒಂದು ಪದ ತಪ್ಪಲಿಲ್ಲ. ನನ್ನ ಎದೆ ಹಗುರಾಯಿತು. ಮೂರನೆಯ ಅಂಕದಲ್ಲಿ ನ್ಯಾಯಾಧೀಶ ಮಗಳ ಬಾಗಿಲಿಗೆ ಬಂದ. ಬಾಗಿಲು ತೆರೆಯಿತು. ಅಪ್ಪನ ಬೆರಳು ಕೋಟಿನ ಗುಂಡಿಗೆ ಹೋಯಿತು.

ನಾನು ಮುಂದೆ ಬಗ್ಗಿ, ಮೆಲ್ಲಗೆ, ‘ಮಗಳೇ, ನಾನು ನಿನ್ನ ಮನೆಗೆ’ ಅಂದೆ. ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ಒಂದೊಂದು ಅಕ್ಷರವೂ ತೊಳೆದಿಟ್ಟ ಲೋಟದ ಹಾಗಿತ್ತು.

ಅಪ್ಪ ಹಿಡಿದುಕೊಳ್ಳಲಿಲ್ಲ. ಅಷ್ಟೇ ಅಲ್ಲ, ತಲೆ ತಿರುಗಿಸಿ ಸೈಡ್‌ವಿಂಗಿನ ಕಡೆ ನೋಡಿದರು. ಐವತ್ತೈದು ವರ್ಷದಲ್ಲಿ ಅಪ್ಪ ಹಾಗೆ ಮಾಡಿದವರಲ್ಲ. ಮಾಡಿದ ನಟರಿಗೆ ಬೈದವರು. ಕತ್ತಲಲ್ಲಿ ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ, ಅವರ ಮುಖ ನನಗೆ ಕಾಣುತ್ತಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಒಂದು ಉಸಿರು, ಎರಡು ಉಸಿರು, ಮೂರು. ಎದುರಿಗೆ ತಮ್ಮ ಕಟ್ಟಿದ ಕೈ ಬಿಡಿಸಿದ.

ಆಗ ನನಗೆ ಹೊಳೆಯಿತು. ಇಷ್ಟು ವರ್ಷ ಅಪ್ಪನ ಕಿವಿ ಕಲಿತದ್ದು ಕಟ್ಟಿದ ಮೂಗಿನ ಮಾತು. ಈ ದನಿ ಯಾರದೋ ಅಂದುಕೊಂಡಿದ್ದಾರೆ. ಎಂಟು ತಿಂಗಳು ತೋಳು ಚುಚ್ಚಿಸಿಕೊಂಡು ನಾನೇ ಅಪ್ಪನನ್ನು ಮುಳುಗಿಸಿದೆ ಅನ್ನಿಸಿತು. ಎರಡು ಬೆರಳಲ್ಲಿ ಮೂಗು ಬಿಗಿಯಾಗಿ ಹಿಡಿದುಕೊಂಡು, ‘ಬಗಳೇ, ದಾದು ದಿದ್ದ ಬದೆಗೆ ಬದ್ದದ್ದು ಬಾತಾಡಲಿಕ್ಕಲ್ಲ’ ಅಂದೆ.

ಅಪ್ಪನ ತುಟಿ ನಡುಗಿತು. ಮುಂದಕ್ಕೆ ತಿರುಗಿ, ‘ಮಗಳೇ, ನಾನು ನಿನ್ನ ಮನೆಗೆ ಬಂದದ್ದು ಮಾತಾಡಲಿಕ್ಕಲ್ಲ. ಸುಮ್ಮನೆ ಕೂತಿರಲಿಕ್ಕೆ,’ ಅಂದರು. ಕಣ್ಣಲ್ಲಿ ನೀರಿತ್ತು. ಸಭೆಯಲ್ಲಿ ಮೂಗು ಸೇದುವ ಸದ್ದು ಸಾಲು ಸಾಲಾಗಿ ಕೇಳಿಸಿತು. ಈ ಸಲ ಅದು ನನ್ನದಲ್ಲ.

ಪರದೆ ಸರಿಯಾದ ಹೊತ್ತಿಗೆ ಬಿತ್ತು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ತಮ್ಮ ಓಡಿಬಂದ. ‘ಅಪ್ಪ, ಬಾಗಿಲಲ್ಲಿ ನಿಂತು ಹಿಂದೆ ತಿರುಗಿ ನೋಡಿದ್ಯಲ್ಲ, ಅದನ್ನ ದಿನಾ ಮಾಡು. ನನ್ನ ಕೈಲಿ ಅದು ಆಗಲ್ಲ,’ ಅಂದ. ಕೋಟಿನ ಮಾತೇ ಎತ್ತಲಿಲ್ಲ. ಹೊರಗೆ ಜನರನ್ನು ಮಾತಾಡಿಸಲು ಹೋಗಿಬಿಟ್ಟ.

ನಾನು ಬಾಗಿಲು ಹಾಕಿ ಅಪ್ಪನ ಮೇಲೆ ಹಾರಿಬಿದ್ದೆ. ‘ಜೀವ ಬಾಯಿಗೆ ಬಂದಿತ್ತು ನನಗೆ. ಮೊದಲನೇ ಸಲಾನೇ ಕೊಟ್ನಲ್ಲ, ಯಾಕೆ ಹಿಡ್ಕೊಳ್ಳಲಿಲ್ಲ? ಕೇಳಿಸಲಿಲ್ವಾ?’

‘ಕೇಳಿಸ್ತು.’

‘ಮತ್ತೆ? ಯಾರ ದನಿ ಅಂತ ಗೊತ್ತಾಗಲಿಲ್ವಾ?’

ಅಪ್ಪ ಕನ್ನಡಿಯ ಎದುರು ಕೂತು ವಿಗ್ಗು ತೆಗೆದು ಮಡಿಲಲ್ಲಿಟ್ಟುಕೊಂಡರು.

‘ಗೊತ್ತಾಯ್ತು ಪುಟ್ಟಿ. ನೀನು ಕೂಗಾಡೋದು ನಿನ್ನದೇ ದನಿ. ಮೂಗು ಬಿಟ್ಟ ಮೇಲೂ ಅದು ಹಾಗೇ ಇದೆ. ಮನೇಲಿ ಮೆಲ್ಲಗೆ ಮಾತಾಡಿದವಳೇ ಅಲ್ಲ ನೀನು. ಇವತ್ತು ಮೆಲ್ಲಗೆ ಹೇಳ್ದೆ ನೋಡು, ಆ ಸ್ಟೂಲಿನ ಮೇಲೆ ನಿಮ್ಮಮ್ಮನೇ ಕೂತಿದ್ದಾಳೆ ಅಂದ್ಕೊಂಡೆ.’

ನಾನು ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತೆ.

‘ಮಾತು ಆಗಲೇ ನೆನಪಾಗಿತ್ತು,’ ಅಂದರು ಅಪ್ಪ. ‘ಇನ್ನೊಂದು ಸಲ ಹೇಳ್ತಾಳೇನೋ ಅಂತ ಕಾದೆ. ಅಷ್ಟರಲ್ಲಿ ನೀನು ಬಗಳೇ ಅಂದ್ಯಲ್ಲ, ಮಾರಾಯ್ತಿ, ನಗು ತಡೆಯೋಕೆ ಸಾಕಾಯ್ತು.’

ಇಬ್ಬರೂ ನಕ್ಕೆವು. ನಗುತ್ತ ನಗುತ್ತ ಇಬ್ಬರಿಗೂ ಕಣ್ಣಲ್ಲಿ ನೀರು ಬಂತು. ಗಂಡ ಬಾಗಿಲು ತಳ್ಳಿಕೊಂಡು ಒಳಗೆ ಬಂದು, ಮತ್ತೆ ಅಲರ್ಜಿಯಾ ಅಂತ ಗಾಬರಿಯಾದರು.

ಮರುದಿನ ಬೆಳಿಗ್ಗೆ ರಿಹರ್ಸಲು. ನಾನು ಸ್ಟೂಲಿನ ಮೇಲೆ ಕೂತಿದ್ದೆ. ಮೊದಲ ಅಂಕದ ಮೊದಲ ಮಾತು ‘ಕೂತುಕೊಳ್ಳಿ’ ಅಂತ, ಒಂದೇ ಪದ. ಈ ನಾಟಕ ಕಟ್ಟಿದಾಗಿನಿಂದ, ಹತ್ತೊಂಬತ್ತು ವರ್ಷ, ಅಪ್ಪ ಹೇಳಿಕೊಂಡು ಬಂದದ್ದು. ಅಪ್ಪ ರಂಗದ ನಡುವೆ ಬಂದು ನಿಂತರು, ಬಾಯಿ ತೆರೆಯಲಿಲ್ಲ. ಗುಂಡಿಯನ್ನೂ ಮುಟ್ಟಲಿಲ್ಲ. ಸುಮ್ಮನೆ ನಿಂತು ಕಾದರು. ನಾಟಕ ಆಡುತ್ತಿದ್ದಾರೆ ಅಂತ ಗೊತ್ತಾಯಿತು. ಬೈಯಬೇಕು ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡು, ‘ಕೂತುಕೊಳ್ಳಿ’ ಅಂದೆ, ಮೆಲ್ಲಗೆ. ಅಪ್ಪ ಆಗಲೂ ಮಾತು ಹಿಡಿದುಕೊಳ್ಳಲಿಲ್ಲ. ಇನ್ನೊಂದು ಸಲ ಹೇಳಿದೆ.